ಪದ ಪರಿಚಯ: ಸೂಲಗಿತ್ತಿ

ಹಸು ಕೊಳ್ಳಲು ಹೋದವರು ‘ಎಷ್ಟನೇ ಸೂಲು?’ ಎಂದು ವಿಚಾರಿಸುವುದುಂಟು. ಸೂಲು ಎಂದರೆ ಹೆರಿಗೆ. ಮನುಷ್ಯರ ಮಟ್ಟಿಗೆ ಆ ಪದವೀಗ ಉಳಿದಿರುವುದು ಹೆಚ್ಚಾಗಿ ಸೂಲಗಿತ್ತಿಯೊಳಗೆ. ಕೊನೆಯ ‘ಗಿತ್ತಿ’ ಹೂವಾಡಗಿತ್ತಿಯಲ್ಲಿರುವಂಥದೇ. ಹೂವಾಡಗಿತ್ತಿಗೆ ಹೂವಾಡಿಗನ ಜೋಡಿಯಿದೆ. ಸೂಲಗಿತ್ತಿಗೆ ಅಂಥ ಜೋಡಿ ಬಳಕೆಯಲ್ಲಿಲ್ಲ. ಆ ಕೋಣೆಯೊಳಗೆ ಗಂಡಸಿಗೆ ಏನು ಕೆಲಸ!

ಇದನ್ನು ದಾದಿ ಎಂದು ಅರ್ಥೈಸುವುದು ನನಗೆ ಒಪ್ಪಿಗೆಯಿಲ್ಲ. ದಾದಿ ಎಲ್ಲ ರೋಗಿಗಳನ್ನೂ ಆರೈಕೆ ಮಾಡುವವಳು. ಸೂಲಗಿತ್ತಿಯ ಮುಂದಿರುವವಳು ರೋಗಿಯಲ್ಲ, ಬಸುರಿ. ಶರಾವತಿ ಹಿನ್ನೀರಿನಾಚೆಯ ತುಮರಿ ಭಾಗದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. 2025ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಅವರು ಸಾಗರ ಪಟ್ಟಣಕ್ಕೆ ಬರಲು ಲಾಂಚ್ ಕಾಯಬೇಕಿತ್ತು. ನೋವು ಲಾಂಚಿನ ವೇಳೆ ನೋಡಿಕೊಂಡು ಬರುವುದಿಲ್ಲ.

ಪತ್ರಿಕೆಗಳಲ್ಲಿ ಸೂಲಗಿತ್ತಿ ಸಾಮಾನ್ಯವಾಗಿ ಅಜ್ಜಿಯೇ. 2018ರಲ್ಲಿ ಪದ್ಮಶ್ರೀ ಪಡೆದ, ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ತಮ್ಮ ಅಜ್ಜಿಯಿಂದ ವಿದ್ಯೆ ಕಲಿತವರು. ಹೆಸರಿನ ಮುಂದೆ ಆ ಪದವನ್ನು ಬಿರುದಿನಂತೆ ಹೊತ್ತವರು. ಆದರೆ ಕೆಲಸ ಅಜ್ಜಿಯರೊಂದಿಗೇ ಮುಗಿದಿಲ್ಲ. ನರ್ಸಿಂಗ್ ಡಿಪ್ಲೊಮಾದ ಹೆಸರಿನಲ್ಲೇ ಮಿಡ್‌ವೈಫರಿ, ಅಂದರೆ ಹೆರಿಗೆ ಮಾಡಿಸುವ ವಿದ್ಯೆ, ಸೇರಿದೆ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ನರ್ಸ್‌ಗಳು ಮತ್ತೆ 18 ತಿಂಗಳು ತರಬೇತಿ ಪಡೆದು, ತೊಡಕಿಲ್ಲದ ಹೆರಿಗೆಗಳನ್ನು ತಾವೇ ನಿಭಾಯಿಸಬಹುದು. ತೊಡಕು ಕಂಡರೆ ವೈದ್ಯರಿಗೆ ಒಪ್ಪಿಸಬೇಕು. ಈ ನರ್ಸ್‌ಗಳಿಗೆ ಪಾಠ ಹೇಳಲು ಮಿಡ್‌ವೈಫರಿ ಎಜುಕೇಟರ್ ಎಂಬ ಬೇರೆಯೇ ಹುದ್ದೆ. ಇಷ್ಟುದ್ದದ ಹೆಸರುಗಳ ನಡುವೆ ‘ಸೂಲಗಿತ್ತಿ’ಗೆ ಜಾಗ ಸಿಕ್ಕಿಲ್ಲ. ಪದದಲ್ಲಿ ಕೊರತೆಯೇನೂ ಕಾಣೆ. ಹಳ್ಳಿಯ ವಾಸನೆ ಇದೆಯೆಂಬ ಸಂಕೋಚ ಇರಬೇಕು.

ಹೊಸಬರಿಗೆ ಕಲಿಸುವುದರಲ್ಲಿ ಬಹಳಷ್ಟು ಬದಲಾಗಿದೆ. ಕೈಗವಸು, ಸೋಂಕು ತಡೆ, ಹೆರಿಗೆ ಹೇಗೆ ಮುಂದುವರಿಯುತ್ತಿದೆಯೆಂದು ಗಂಟೆಗಂಟೆಗೂ ಗುರುತು ಹಾಕುವ ನಕ್ಷೆ, ಎಲ್ಲವೂ ಬಂದಿವೆ. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ ಎತ್ತ, ಬೆನ್ನು ಎತ್ತ ಎಂದು ತಿಳಿಯುವುದನ್ನು ಈಗಲೂ ಕೈಯೇ ಕಲಿಯಬೇಕು. ಅದಕ್ಕೆ ನಾಲ್ಕು ಹಂತಗಳ ಕ್ರಮವಿದೆ. ಅದನ್ನು ಶುರುಮಾಡುವ ಮೊದಲು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ತಣ್ಣನೆಯ ಕೈ ತಗುಲಿದರೆ ಹೊಟ್ಟೆ ಬಿಗಿಯುತ್ತದೆ, ಒಳಗಿನದು ತಿಳಿಯುವುದಿಲ್ಲ. ಆಗುಂಬೆಯ ಆಷಾಢದಲ್ಲಿ ಬಚ್ಚಲೊಲೆಯ ಮುಂದೆ ನಿಂತೇ ಕೈ ಕಾಯಿಸಿಕೊಳ್ಳಬೇಕಾದೀತು.