ಕಪ್ಪಾಗಿ ಕಂಡಿದ್ದೆಲ್ಲ ಕ್ಯಾನ್ಸರ್ ಅಲ್ಲ

ಬಾಯಿ ಕ್ಯಾನ್ಸರ್‌ನ ಸುಳಿವು ಹುಡುಕಲು ಕೋಣೆಯ ದೀಪ ಆರಿಸಿ, ಬಾಯೊಳಗೆ ನೀಲಿ ಬೆಳಕು ಬಿಡುತ್ತಾರೆ. ಡಾಕ್ಟರು ನೋಡುವುದು ಒಂದು ಫಿಲ್ಟರ್ ಮೂಲಕ. ಅದು ವಾಪಸ್ ಬರುವ ನೀಲಿಯನ್ನು ತಡೆದುಬಿಡುತ್ತದೆ. ಆಗ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು ಎಲ್ಲವೂ ತಿಳಿಹಸಿರಾಗಿ ಹೊಳೆಯುತ್ತವೆ. ಬಣ್ಣ ಹಚ್ಚಿಲ್ಲ, ಔಷಧಿ ಕೊಟ್ಟಿಲ್ಲ. ಹೊಳಪು ಬಾಯಿಯದ್ದೇ.

ಬಾಯಿಯ ತೆಳು ಪೊರೆಯ ಕೆಳಗೆ ಕೊಲಾಜೆನ್ ಎಂಬ ನಾರಿನ ಹೆಣಿಗೆ ಇದೆ. ಮೇಲಿನ ಜೀವಕೋಶಗಳಲ್ಲಿ ಎಫ್‌ಎಡಿ ಎಂಬ ವಸ್ತು ಇದೆ. ಸುಮಾರು 400ರಿಂದ 460 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಇವು ಹೀರಿಕೊಂಡು, ಹಸಿರಾಗಿ ಹೊರಬಿಡುತ್ತವೆ. ಕ್ಯಾನ್ಸರ್‌ನತ್ತ ಹೊರಟ ಜಾಗದಲ್ಲಿ ಈ ಲೆಕ್ಕ ತಪ್ಪುತ್ತದೆ. ಪೊರೆ ದಪ್ಪವಾಗುತ್ತದೆ, ಕೊಲಾಜೆನ್ ಒಡೆಯುತ್ತದೆ, ರಕ್ತನಾಳಗಳು ಹೆಚ್ಚಿ ಹಿಮೋಗ್ಲೋಬಿನ್ ಬೆಳಕನ್ನು ನುಂಗುತ್ತದೆ. ಹಸಿರಿನ ನಡುವೆ ಕಪ್ಪು ಮಚ್ಚೆ ಕಾಣುತ್ತದೆ.

ಕೇಳಲು ಸುಲಭ, ಅಲ್ವಾ? ತೊಂದರೆ ಏನೆಂದರೆ ಚೂಪಾದ ಹಲ್ಲು ಉಜ್ಜಿ ಆದ ಗಾಯವೂ ಕಪ್ಪಾಗಿಯೇ ಕಾಣುತ್ತದೆ. ಅಲ್ಲಿಯೂ ರಕ್ತ ಜಾಸ್ತಿ. ಅದಕ್ಕೆ ಡಾಕ್ಟರು ಆ ಜಾಗವನ್ನು ಬೇರೊಂದು ಉಪಕರಣದ ಹಿಂಬದಿಯಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ರಕ್ತ ಸರಿದು ಹಸಿರು ಮರಳಿದರೆ ಬರೀ ಉರಿಯೂತ ಇರಬಹುದು. ಒತ್ತಿದರೂ ಕಪ್ಪಾಗೇ ಉಳಿದರೆ ಅನುಮಾನ ಜಾಸ್ತಿ. ನಾಲಿಗೆಯ ಮೇಲೆ ಅಲ್ಲಲ್ಲಿ ಕಿತ್ತಳೆ-ಕೆಂಪು ಕಂಡರೆ ಗಾಬರಿ ಬೇಡ. ಸಾಮಾನ್ಯವಾಗಿ ಅದು ಬ್ಯಾಕ್ಟೀರಿಯಾ ಮಾಡುವ ಪಾರ್ಫಿರಿನ್ ಎಂಬ ವಸ್ತು.

ಇಷ್ಟಾದರೂ ಗುರಿ ತಪ್ಪುತ್ತದೆ. ಕಣ್ಣಿಗೆ ಕಾಣುವ ಮಚ್ಚೆ ಕ್ಯಾನ್ಸರೋ ಅಲ್ಲವೋ ಎಂದು ತೂಗಲು ಈ ಬೆಳಕನ್ನು ನೆಚ್ಚಬೇಡಿ ಎಂದು ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2017ರಲ್ಲಿಯೇ ಹೇಳಿತು. ಹಾಗಂತ ಯಂತ್ರವನ್ನು ಮೂಲೆಗೆ ಎಸೆಯಬೇಕಿಲ್ಲ. ಅಗಲವಾದ ಬಿಳಿ ಮಚ್ಚೆಯಲ್ಲಿ ಬಯಾಪ್ಸಿಗೆ ಚೂರು ತೆಗೆಯುವುದು ಎಲ್ಲಿಂದ? ತಪ್ಪು ಜಾಗದಿಂದ ತೆಗೆದರೆ ರಿಪೋರ್ಟ್ ಸುಮ್ನೆ ಸಮಾಧಾನ ಹೇಳಿಬಿಡುತ್ತದೆ. ಆ ಜಾಗ ಆರಿಸಲು ಬೆಳಕು ಕೈಹಿಡಿಯಬಹುದು. ನನ್ನ ಪ್ರಕಾರ ಅದರ ನಿಜವಾದ ಕೆಲಸ ಅದೇ.

ಬೇರೆ ದಾರಿಗಳೂ ಇವೆ. ನ್ಯಾರೋ ಬ್ಯಾಂಡ್ ಇಮೇಜಿಂಗ್ ಎಂಬ ವಿಧಾನ ಹಿಮೋಗ್ಲೋಬಿನ್ ಚೆನ್ನಾಗಿ ಹೀರುವ 415 ಮತ್ತು 540 ನ್ಯಾನೊಮೀಟರ್ ಬೆಳಕನ್ನು ಬಳಸುತ್ತದೆ. ಆಗ ಸೊಟ್ಟಗಾದ, ಉಬ್ಬಿದ ಕಿರುನಾಳಗಳು ಕಂದು ಚುಕ್ಕೆಗಳಾಗಿ ಎದ್ದು ಕಾಣುತ್ತವೆ. 1991ರಲ್ಲಿ ಬೆಳಕಿಗೆ ಬಂದ ಒಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಎಂಬ ಬೆಳಕಿನ ಸ್ಕ್ಯಾನ್ ಒಂದೆರಡು ಮಿಲಿಮೀಟರ್ ಆಳದವರೆಗೆ ಪದರಗಳನ್ನು ಸೀಳಿದಂತೆ ತೋರಿಸುತ್ತದೆ. ಸಿ.ವಿ. ರಾಮನ್ 1928ರಲ್ಲಿ ಕಂಡ, ವಸ್ತುವಿಗೆ ತಾಗಿದ ಬೆಳಕು ಬಣ್ಣ ಬದಲಿಸಿ ಚದುರುವ ಪರಿಣಾಮವನ್ನು ಹಿಡಿದು ಅಂಗಾಂಶದ ರಾಸಾಯನಿಕ ಗುರುತು ಓದುವ ಪ್ರಯತ್ನವೂ ನಡೆದಿದೆ. ಆದರೆ ಕೋಟಿ ಫೋಟಾನುಗಳಲ್ಲಿ, ಅಂದರೆ ಬೆಳಕಿನ ಕಣಗಳಲ್ಲಿ, ಒಂದೆರಡು ಮಾತ್ರ ಹಾಗೆ ಚದುರುತ್ತವೆ. ಅದನ್ನು ಹಿಡಿಯುವ ಉಪಕರಣ ಅಗ್ಗದ್ದಲ್ಲ.

ಇವೆಲ್ಲದರ ಮೊದಲು ಮಾಮೂಲಿ ಬಿಳಿ ಬೆಳಕಿನ ಪರೀಕ್ಷೆ. ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಿಂದ ಹಿಡಿದು ಪಕ್ಕಕ್ಕೆ ಎಳೆದು, ಅಂಚು ಮತ್ತು ಅಡಿಭಾಗ ನೋಡಬೇಕು, ಬೆರಳಿನಿಂದ ಮುಟ್ಟಿ ಗಟ್ಟಿಯಾಗಿದೆಯೇ ಎಂದು ತಿಳಿಯಬೇಕು. ಎರಡು ವಾರ ಕಳೆದರೂ ಮಾಯದ, ಕಾರಣ ಗೊತ್ತಾಗದ ಹುಣ್ಣಿದ್ದರೆ, ಯಂತ್ರದಲ್ಲಿ ಪೂರ್ತಿ ಹಸಿರಾಗಿ ಕಂಡರೂ ತಜ್ಞರಿಗೆ ತೋರಿಸಲೇಬೇಕು.