ಅಂಚೆ ಚೀಟಿಯೇ ರೆವಿನ್ಯೂ ಸ್ಟಾಂಪ್ ಆಗಿದ್ದ ಕಾಲ

ಐದು ಸಾವಿರಕ್ಕಿಂತ ಹೆಚ್ಚು ಹಣ ಪಡೆದು ರಸೀದಿ ಬರೆದುಕೊಡುವವರು ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ ಹಾಕಬೇಕು. ಸ್ಟಾಂಪ್ ಸಿಗುವುದು ಅಂಚೆ ಕಚೇರಿಯಲ್ಲಿ. ಆದರೆ ಅಲ್ಲಿಯೇ ಕೊಂಡ ಅಂಚೆ ಚೀಟಿಯನ್ನು ರಸೀದಿಗೆ ಹಚ್ಚಿದರೆ ನಡೆಯುವುದಿಲ್ಲ. ಬ್ರಿಟಿಷ್ ಭಾರತದಲ್ಲಿ ಒಂದು ಕಾಲಕ್ಕೆ ಅದು ನಡೆಯುತ್ತಿತ್ತು.

ರೆವಿನ್ಯೂ ಸ್ಟಾಂಪಿನ ಮೂಲಕ ಸರ್ಕಾರಕ್ಕೆ ಸಲ್ಲುವ ಮುದ್ರಾಂಕ ಶುಲ್ಕ ಅಂಚೆ ಚೀಟಿಗಿಂತ ಹಳೆಯದು. ಈಸ್ಟ್ ಇಂಡಿಯಾ ಕಂಪನಿ 1797ರಲ್ಲಿಯೇ ಬಂಗಾಳದಲ್ಲಿ ಛಾಪಾ ಕಾಗದ ತಂದಿತ್ತು. ಇಡೀ ಬ್ರಿಟಿಷ್ ಭಾರತಕ್ಕೆ ಅಂಚೆ ಚೀಟಿ ಬಂದದ್ದು 1854ರಲ್ಲಿ. ಎರಡೂ ಬೇರೆ ಬೇರೆ ಲೆಕ್ಕ, ಬೇರೆ ಬೇರೆ ಚೀಟಿ.

ಈ ಗಡಿ ಮೊದಲು ಸಡಿಲಗೊಂಡದ್ದು ಅಭಾವದಿಂದ. 1866ರಲ್ಲಿ ಆರು ಆಣೆಯ ಅಂಚೆ ಚೀಟಿ ತುರ್ತಾಗಿ ಬೇಕಾಯಿತು. ಭಾರತದ ಚೀಟಿಗಳು ಆಗ ಅಚ್ಚಾಗುತ್ತಿದ್ದುದು ಲಂಡನ್ನಿನ ಡಿ ಲಾ ರೂ ಮುದ್ರಣಾಲಯದಲ್ಲಿ. ಹಡಗು ಬರುವವರೆಗೆ ಕಾಯುವಂತಿರಲಿಲ್ಲ. ವಿದೇಶಿ ಹುಂಡಿಗಳಿಗೆ, ಅಂದರೆ ವ್ಯಾಪಾರಿಗಳ ಹಣ ಪಾವತಿಯ ಪತ್ರಗಳಿಗೆ, ಹಚ್ಚುತ್ತಿದ್ದ ನೇರಳೆ ಬಣ್ಣದ ಉದ್ದನೆಯ 'ಫಾರಿನ್ ಬಿಲ್' ಸ್ಟಾಂಪುಗಳು ಕೈಗೆ ಸಿಕ್ಕವು. ಅವುಗಳ ತಲೆಯನ್ನೂ ಬುಡವನ್ನೂ ಕತ್ತರಿಸಿ, ಉಳಿದ ಭಾಗದ ಮೇಲೆ ಹಸಿರು ಶಾಯಿಯಲ್ಲಿ 'ಪೋಸ್ಟೇಜ್' ಎಂದು ಒತ್ತಿದರು. ರಾಣಿ ವಿಕ್ಟೋರಿಯಾಳ ಮುಖದ ಮೇಲೂ ಕೆಳಗೂ ಕತ್ತರಿಯ ಗುರುತು ಉಳಿದ ಈ ಚೀಟಿಯಷ್ಟು ಮುದ್ದಾದದ್ದು ಆ ಕಾಲದ ಭಾರತದಲ್ಲಿ ಇನ್ನೊಂದಿಲ್ಲ ಎಂದು ನನ್ನ ಎಣಿಕೆ. ಮರುವರ್ಷ ರಸೀದಿ ಸ್ಟಾಂಪುಗಳಿಗೂ ಅದೇ ಗತಿ. ಅವು ಸರ್ಕಾರಿ ಟಪಾಲಿಗೆ ಬಳಕೆಯಾದವು.

ಅನುಕೂಲಕ್ಕಾಗಿ ಎರಡನ್ನೂ ಒಂದು ಮಾಡಿದ್ದು ಮಾತ್ರ ಬ್ರಿಟನ್. 1881ರಿಂದ ಅಲ್ಲಿ ಒಂದು ಪೆನ್ನಿಯ ಚೀಟಿ ಟಪಾಲಿನ ಕಾಗದಕ್ಕೂ ರಸೀದಿಗೂ ಸಲ್ಲತೊಡಗಿತು. ಅದೇ ಏರ್ಪಾಡು ವಸಾಹತುಗಳಿಗೂ ಹಬ್ಬಿತು. ಭಾರತದಲ್ಲಿ 1906ರಲ್ಲಿ ಏಳನೇ ಎಡ್ವರ್ಡನ ಅರ್ಧ ಆಣೆ ಮತ್ತು ಒಂದಾಣೆ ಚೀಟಿಗಳು 'ಇಂಡಿಯಾ ಪೋಸ್ಟೇಜ್ ಅಂಡ್ ರೆವಿನ್ಯೂ' ಎಂಬ ಬರಹ ಹೊತ್ತು ಬಂದವು. ಆಗ ಇಪ್ಪತ್ತು ರೂಪಾಯಿ ಮೀರಿದ ರಸೀದಿಗೆ ಶುಲ್ಕ ಒಂದಾಣೆ. ಹಳ್ಳಿಯ ಅಂಗಡಿಯವನಿಗೆ ಒಂದೇ ಚೀಟಿ ಸಾಕಾಯಿತು. ಅಂಚೆ ಠಸ್ಸೆಯ ಬದಲು ಶಾಯಿಯ ಸಹಿ ಹೊತ್ತ ಇಂಥ ಚೀಟಿಗಳನ್ನು ಸಂಗ್ರಾಹಕರು ಕಡೆಗಣಿಸುವುದು ನನಗೆ ಬೇಸರ ತರುತ್ತದೆ. ಯಾರೋ ಸಾಲ ತೀರಿಸಿದ, ಯಾರೋ ಬಾಡಿಗೆ ಕೊಟ್ಟ ಗುರುತು ಅದು. ಠಸ್ಸೆಗಿಂತ ಹೆಚ್ಚು ಹೇಳುತ್ತದೆ.

ತೊಡಕು ಲೆಕ್ಕದಲ್ಲಿತ್ತು. ಮಾರಿದ ಒಂದಾಣೆ ಚೀಟಿ ಲಕೋಟೆಗೆ ಹೋಯಿತೋ ರಸೀದಿಗೆ ಹೋಯಿತೋ ಹೇಳುವವರಾರು? ಪ್ರಾಂತಗಳಿಗೆ ಹೆಚ್ಚು ಅಧಿಕಾರ ಕೊಟ್ಟ 1919ರ ಆಡಳಿತ ಸುಧಾರಣೆಗಳ ನಂತರ ಮುದ್ರಾಂಕದ ಆದಾಯ ಪ್ರಾಂತಗಳ ಪಾಲಾಯಿತು, ಅಂಚೆಯದು ಕೇಂದ್ರದಲ್ಲಿಯೇ ಉಳಿಯಿತು. ಒಂದೇ ಚೀಟಿಯ ಹಣವನ್ನು ಎರಡು ಬೊಕ್ಕಸಗಳಿಗೆ ಅಂದಾಜಿನ ಮೇಲೆ ಹಂಚಬೇಕಾಯಿತು. 1937ರಲ್ಲಿ ಆರನೇ ಜಾರ್ಜನ ಚೀಟಿಗಳು ಬರುವ ಹೊತ್ತಿಗೆ ಅವುಗಳ ಮೇಲೆ ಬರೀ 'ಇಂಡಿಯಾ ಪೋಸ್ಟೇಜ್' ಇತ್ತು. ರಸೀದಿಗೆ 'ಇಂಡಿಯಾ ರೆವಿನ್ಯೂ' ಎಂಬ ಬೇರೆ ಚೀಟಿ. ಇಂಥ ಬೇರ್ಪಡೆಗೆ ಹೋಗದ ಸಿಲೋನ್ (ಇಂದಿನ ಶ್ರೀಲಂಕಾ) ಜಂಟಿ ಬರಹವನ್ನು ಜಾರ್ಜನ ಚೀಟಿಗಳಲ್ಲಿಯೂ ಉಳಿಸಿಕೊಂಡಿತು.

ಸಂವಿಧಾನವೂ ಅದೇ ಜಾಡು ಹಿಡಿಯಿತು. ರಸೀದಿಯ ಮುದ್ರಾಂಕ ದರ ನಿಗದಿ ಮಾಡುವುದು ಕೇಂದ್ರ. 268ನೇ ವಿಧಿಯಂತೆ ವಸೂಲಿಯಾದ ಹಣ ರಾಜ್ಯದ್ದು. ರಸೀದಿಯ ಮಿತಿ ಐದು ನೂರರಿಂದ ಐದು ಸಾವಿರಕ್ಕೆ ಏರಿದ್ದು 2004ರಲ್ಲಿ. ಇಂದು ಸಣ್ಣ ಊರುಗಳಲ್ಲಿಯೂ ಮನೆ ಬಾಡಿಗೆ ಆ ಮೊತ್ತ ದಾಟುತ್ತದೆ. ಮಿತಿಯನ್ನು ಮತ್ತೆ ಏರಿಸಲು ಕೇಂದ್ರ ಇನ್ನು ತಡಮಾಡಬಾರದು.