ಒಂದೇ ಒಂದು ಪ್ರಶ್ನೆಯನ್ನು ಎಷ್ಟು ನಂಬಬಹುದು?

ಇಡೀ ಪರೀಕ್ಷೆಗೆ ಕ್ರಾನ್‌ಬ್ಯಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅಂತ ನೋಡಿ ಪರೀಕ್ಷೆಯ ವಿಶ್ವಸನೀಯತೆ ಅಂದಾಜಿಸುವ ಸಂಖ್ಯೆ) ತೆಗೆಯುವುದು ನಮಗೆಲ್ಲ ಬರುತ್ತದೆ. ಸಾಫ್ಟ್‌ವೇರ್‌ನಲ್ಲಿ ನಾಲ್ಕು ಕ್ಲಿಕ್, ಮುಗೀತು. ಆದರೆ ಅದೇ ಪರೀಕ್ಷೆಯ ಮೂರನೇ ಪ್ರಶ್ನೆಯೊಂದರದ್ದೇ ವಿಶ್ವಸನೀಯತೆ ಎಷ್ಟು ಅಂತ ಕೇಳಿದರೆ ತಡವರಿಸುತ್ತೇವೆ. ನಾನಂತೂ ಮೊದಲ ಅಸೈನ್‌ಮೆಂಟ್‌ನಲ್ಲಿ ಐಟಂ-ಟೋಟಲ್ ಸಹಸಂಬಂಧವನ್ನೇ (ಪ್ರಶ್ನೆಯ ಅಂಕವೂ ಒಟ್ಟು ಅಂಕವೂ ಎಷ್ಟು ಜೊತೆಜೊತೆಗೆ ಏರಿಳಿಯುತ್ತವೆ ಅನ್ನುವ ಅಳತೆ) ಎತ್ತಿ ‘ಪ್ರಶ್ನೆಯ ವಿಶ್ವಸನೀಯತೆ’ ಅಂತ ಬರೆದುಬಿಟ್ಟಿದ್ದೆ. ಮೇಷ್ಟ್ರು ಕೆಂಪು ಸುತ್ತು ಹಾಕಿ, ಪಕ್ಕದಲ್ಲಿ ‘ಯಾವುದರ ಜೊತೆ?’ ಅಂತಷ್ಟೇ ಬರೆದಿದ್ದರು. ಅದು ಅರ್ಥವಾಗಲು ಒಂದು ಸೆಮಿಸ್ಟರ್ ಹಿಡಿಯಿತು.

ಮೂಲ ಮಾತು ನಿಮಗೆ ಗೊತ್ತಿರುವುದೇ. ಸಿಕ್ಕ ಅಂಕದಲ್ಲಿ ಒಂದು ಭಾಗ ನಿಜ ಅಂಕ, ಇನ್ನೊಂದು ಭಾಗ ದೋಷ. ಅಂಕಗಳ ಒಟ್ಟು ಏರಿಳಿತದಲ್ಲಿ ನಿಜ ಅಂಕದ ಪಾಲು ಎಷ್ಟೋ ಅದೇ ವಿಶ್ವಸನೀಯತೆ. ಇಡೀ ಪರೀಕ್ಷೆಯಾದರೆ ಎರಡು ಹೋಳು ಮಾಡಿ ಒಂದನ್ನೊಂದು ಹೋಲಿಸಬಹುದು. ಒಂದು ಪ್ರಶ್ನೆಯನ್ನು ಹೋಳು ಮಾಡುವುದು ಹೇಗೆ? ಅದನ್ನೇ ಮತ್ತೆ ಕೇಳೋಣ ಅಂದರೆ, ‘ಆಗಲೇ ಹೇಳಿದೆನಲ್ಲ’ ಅಂತ ಹಿಂದಿನ ಉತ್ತರವನ್ನೇ ನೆನಪಿಸಿಕೊಂಡು ಹೇಳುತ್ತಾರೆ. ತಿಂಗಳು ಬಿಟ್ಟು ಕೇಳಿದರೆ ಮನುಷ್ಯನೇ ಬದಲಾಗಿರಬಹುದು. ಹಾಗಾಗಿ ಪ್ರಶ್ನೆಯ ಪಕ್ಕದಲ್ಲಿರುವ ಬೇರೆ ಪ್ರಶ್ನೆಗಳನ್ನೇ ಸಾಕ್ಷಿಗೆ ಕರೆಯಬೇಕು.

ಉದಾಹರಣೆಗೆ ಪಿಎಚ್‌ಕ್ಯೂ-9 ತಗೊಳ್ಳೋಣ. ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರ ಹೇಗಿದ್ದಿರಿ ಅಂತ ಕೇಳುತ್ತದೆ. ಪ್ರತಿ ಪ್ರಶ್ನೆಗೆ 0ಯಿಂದ 3, ಒಟ್ಟು 27. ಮೂರನೆಯದು ನಿದ್ದೆಯದ್ದು.

ಮೊದಲು ನಾನು ಬಿದ್ದ ಹಳ್ಳ. ಒಂದಕ್ಕೊಂದು ಸಂಬಂಧವೇ ಇಲ್ಲದ, ಒಂದೇ ವೇರಿಯನ್ಸ್ (ಅಂಕಗಳ ಏರಿಳಿತ) ಇರುವ 9 ಪ್ರಶ್ನೆಗಳನ್ನು ಸುಮ್ನೆ ಕೂಡಿಸಿ ಅಂದುಕೊಳ್ಳಿ. ಆಗಲೂ ಪ್ರತಿ ಪ್ರಶ್ನೆಗೂ ಒಟ್ಟು ಅಂಕಕ್ಕೂ ಇರುವ ಸಹಸಂಬಂಧ 0.33! ಯಾಕಂದರೆ ಆ ಒಟ್ಟಿನೊಳಗೆ ಆ ಪ್ರಶ್ನೆಯೂ ಕೂತಿದೆ, ತನಗೆ ತಾನೇ ಸಾಕ್ಷಿ ಹೇಳುತ್ತಿದೆ. 0.30 ದಾಟಿದರೆ ಪರವಾಗಿಲ್ಲ ಅನ್ನುವ ರೂಢಿಯ ಮಾತನ್ನು ಹಿಡಿದರೆ ಈ 9 ಕಸವೂ ಪಾಸ್. ಅದಕ್ಕೇ ಆ ಪ್ರಶ್ನೆಯನ್ನು ಬಿಟ್ಟು ಉಳಿದ 8ರ ಮೊತ್ತದ ಜೊತೆ ನೋಡಬೇಕು. ಇದನ್ನು ಐಟಂ-ರೆಸ್ಟ್ ಸಹಸಂಬಂಧ ಅನ್ನುತ್ತಾರೆ. ಇದೂ ವಿಶ್ವಸನೀಯತೆ ಅಲ್ಲ, ಆದರೆ ಅದಕ್ಕೆ ಕಚ್ಚಾ ಸಾಮಾನು.

ಒರಟು ಅಂದಾಜು ಸಾಕು ಅಂದರೆ ಪರೀಕ್ಷೆಗೆ ಪ್ರಶ್ನೆ ಸೇರಿಸಿದರೆ ವಿಶ್ವಸನೀಯತೆ ಎಷ್ಟಾಗುತ್ತದೆ ಅಂತ ಹೇಳುವ 1910ರ ಸ್ಪಿಯರ್‌ಮನ್-ಬ್ರೌನ್ ಸೂತ್ರವನ್ನು ಹಿಂದುಮುಂದಾಗಿ ಬಳಸಿ. 2001ರಲ್ಲಿ ಪಿಎಚ್‌ಕ್ಯೂ-9 ಬಗ್ಗೆ ಬಂದ ಮುಖ್ಯ ಅಧ್ಯಯನದಲ್ಲಿ, ಪ್ರಾಥಮಿಕ ಚಿಕಿತ್ಸೆಗೆ ಬಂದವರ ಗುಂಪಿನಲ್ಲಿ ಆಲ್ಫಾ 0.89. ಅದನ್ನು 9ರಿಂದ ಒಂದಕ್ಕೆ ಇಳಿಸಿದರೆ: 0.89 ಭಾಗಿಸು (9 ಕಳೆ 8 × 0.89), ಅಂದರೆ 0.89 / 1.88, ಸುಮಾರು 0.47. ಒಟ್ಟಾಗಿ ಗಟ್ಟಿಯಾಗಿ ನಿಂತ 9 ಪ್ರಶ್ನೆಗಳು ಬಿಡಿಬಿಡಿಯಾಗಿ ಇಷ್ಟೇ. ಆದರೆ ಇದು ಸರಾಸರಿ. ನಿದ್ದೆಯ ಪ್ರಶ್ನೆ ಇದಕ್ಕಿಂತ ಮೇಲಿದೆಯೋ ಕೆಳಗಿದೆಯೋ ಇದು ಹೇಳಲ್ಲ.

ಅದಕ್ಕೆ ನನಗೆ ಇಷ್ಟವಾದ ದಾರಿ ಸ್ಪಿಯರ್‌ಮನ್ 1904ರಲ್ಲಿ ಕೊಟ್ಟ ಸಹಸಂಬಂಧದ ತಿದ್ದುಪಡಿ. ಎರಡು ಅಳತೆಗಳಲ್ಲಿ ದೋಷ ಇದ್ದರೆ ಅವುಗಳ ನಡುವಿನ ಸಹಸಂಬಂಧ ಕುಗ್ಗುತ್ತದೆ ಅನ್ನುವುದು ಅದರ ತಿರುಳು. ಎಷ್ಟು ಕುಗ್ಗಿದೆ ಅಂತ ನೋಡಿ ದೋಷ ಎಷ್ಟಿತ್ತು ಅಂತ ಹಿಂದಕ್ಕೆ ಲೆಕ್ಕ ಹಾಕಬಹುದು ಅಲ್ವಾ? ಐಟಂ-ರೆಸ್ಟ್ ಸಹಸಂಬಂಧದ ವರ್ಗವನ್ನು ಉಳಿದ ಪ್ರಶ್ನೆಗಳ ವಿಶ್ವಸನೀಯತೆಯಿಂದ ಭಾಗಿಸಿ. ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡ ಅಂಕಿ: ಐಟಂ-ರೆಸ್ಟ್ 0.45, ಉಳಿದ 8ರ ಆಲ್ಫಾ 0.81. ಆಗ 0.2025 / 0.81, ಅಂದರೆ 0.25.

ಇಲ್ಲಿ ಒಂದು ಊಹೆ ಅಡಗಿದೆ. ದೋಷ ತೆಗೆದರೆ ಈ ಪ್ರಶ್ನೆಯೂ ಉಳಿದ 8ವೂ ಅಳೆಯುವುದು ಒಂದನ್ನೇ ಅಂತ ಒಪ್ಪಿಕೊಂಡಿದ್ದೇವೆ. ನಿದ್ದೆಯ ವಿಷಯದಲ್ಲಿ ಅದು ನಿಜವೇ? ರಾತ್ರಿ ಪಾಳಿಯವರಿಗೆ, ಎಳೆಮಗುವಿನ ತಾಯಿಗೆ ನಿದ್ದೆ ಕೆಡಲು ಖಿನ್ನತೆಯೇ ಬೇಕಿಲ್ಲ. ಅವರು ಎಷ್ಟು ಸಲ ಕೇಳಿದರೂ ಪ್ರಾಮಾಣಿಕವಾಗಿ 3 ಅಂತಲೇ ಹೇಳಬಹುದು. ಉತ್ತರ ಕಲ್ಲಿನ ಹಾಗೆ ಸ್ಥಿರ, ಆದರೆ ಉಳಿದ 8ರ ಜೊತೆ ಹೊಂದಲ್ಲ. ನಮ್ಮ ಸೂತ್ರ ಆ ಸ್ಥಿರವಾದ ಭಾಗವನ್ನೂ ದೋಷದ ಚೀಲಕ್ಕೇ ತುಂಬುತ್ತದೆ. ಹಾಗಾಗಿ 0.25 ಅನ್ನುವುದನ್ನು ‘ಕನಿಷ್ಠ ಇಷ್ಟಾದರೂ ಇದೆ’ ಅಂತ ಓದಬೇಕು. ಪ್ರಶ್ನೆಗಳ ಹಿಂದಿರುವ ಸಾಮಾನ್ಯ ಅಂಶವನ್ನು ಹುಡುಕುವ ಫ್ಯಾಕ್ಟರ್ ವಿಶ್ಲೇಷಣೆಯಲ್ಲಿ ಲೋಡಿಂಗ್‌ನ (ಆ ಅಂಶದ ಜೊತೆ ಪ್ರಶ್ನೆಗಿರುವ ಸಂಬಂಧದ) ವರ್ಗ ತೆಗೆದಾಗಲೂ ಇದೇ ಕಥೆ. ಅಂದಹಾಗೆ ಈ ಪ್ರಶ್ನೆ ನಿದ್ದೆ ಬಾರದಿರುವುದನ್ನೂ ಜಾಸ್ತಿ ನಿದ್ದೆ ಮಾಡುವುದನ್ನೂ ಒಟ್ಟಿಗೇ ಕೇಳುತ್ತದೆ. ರಾತ್ರಿಯಿಡೀ ಹೊರಳಾಡಿದವರಿಗೂ 3, ಮಧ್ಯಾಹ್ನದವರೆಗೆ ಮಲಗಿದವರಿಗೂ 3.

ಬೇರೆ ದಾರಿಗಳೂ ಇವೆ. ಗಟ್‌ಮನ್ 1945ರಲ್ಲಿ ಕೊಟ್ಟ ಲ್ಯಾಮ್ಡಾ-6ರ ದಾರಿಯಲ್ಲಿ, ಉಳಿದೆಲ್ಲ ಪ್ರಶ್ನೆಗಳಿಂದ ಇದರ ಉತ್ತರವನ್ನು ಎಷ್ಟರ ಮಟ್ಟಿಗೆ ಊಹಿಸಬಹುದು ಅಂತ ನೋಡುತ್ತಾರೆ. ಮೊಲೆನಾರ್-ಸೈಟ್ಸ್‌ಮಾ ವಿಧಾನ ಕಷ್ಟದ ಮಟ್ಟದಲ್ಲಿ ಅಕ್ಕಪಕ್ಕ ಇರುವ ಪ್ರಶ್ನೆಗಳನ್ನು ನೆರವಿಗೆ ಕರೆಯುತ್ತದೆ. ಇನ್ನೊಂದು, ಜನರನ್ನು ಕಣ್ಣಿಗೆ ಕಾಣದ ಗುಂಪುಗಳಾಗಿ ವಿಂಗಡಿಸಿ ಲೆಕ್ಕ ಹಾಕುತ್ತದೆ. 2018ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಈ ಮೂರನ್ನೂ ಸ್ಪಿಯರ್‌ಮನ್ ತಿದ್ದುಪಡಿಯನ್ನೂ ಕಂಪ್ಯೂಟರ್‌ನಲ್ಲಿ ಸೃಷ್ಟಿಸಿದ ದತ್ತಾಂಶದ ಮೇಲೆ ಓಡಿಸಿ ನೋಡಿದರು. ಹೆಚ್ಚು ನಿಖರವಾಗಿ ಬಂದದ್ದು ಮೊಲೆನಾರ್-ಸೈಟ್ಸ್‌ಮಾ ವಿಧಾನ ಮತ್ತು ಸ್ಪಿಯರ್‌ಮನ್ ತಿದ್ದುಪಡಿ. ಗುಂಪಿನ ವಿಧಾನದ ಸರಾಸರಿ ಗುರಿ ಸರಿ, ಆದರೆ ಸಲಕ್ಕೊಂದು ಉತ್ತರ. ಲ್ಯಾಮ್ಡಾ-6 ಕಡಿಮೆ ಅಲ್ಲಾಡುತ್ತದೆ, ಆದರೆ ಯಾವಾಗಲೂ ಕಡಿಮೆಯನ್ನೇ ತೋರಿಸುತ್ತದೆ. ಕೈಯಲ್ಲೇ ಮಾಡಬಹುದಾದ ತಿದ್ದುಪಡಿ ಮೊದಲ ಸಾಲಿನಲ್ಲಿ ಬಂದಿದ್ದು ನಮ್ಮಂಥವರಿಗೆ ಒಳ್ಳೆಯದಾಯಿತು.

ಇನ್ನೊಂದು ಎಚ್ಚರ. ಈ ಸಂಖ್ಯೆ ಪ್ರಶ್ನೆಗೆ ಅಂಟಿಕೊಂಡಿರುವುದಲ್ಲ, ಉತ್ತರಿಸಿದ ಗುಂಪಿನದ್ದೂ ಹೌದು. ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದ್ದು. ಆರೋಗ್ಯವಂತರ ಗುಂಪಿನಲ್ಲಿ ಹೆಚ್ಚಿನವರು 0 ಅನ್ನುತ್ತಾರೆ. ಏರಿಳಿತವೇ ಇಲ್ಲದ ಕಡೆ ಸಹಸಂಬಂಧ ಎಲ್ಲಿಂದ ಬರಬೇಕು? ಅಂದಾಜು ಪಾತಾಳಕ್ಕೆ ಇಳಿಯುತ್ತದೆ. ಅದನ್ನು ನೋಡಿ ‘ದುರ್ಬಲ ಪ್ರಶ್ನೆ’ ಅಂತ ತೆಗೆದುಹಾಕಿದರೆ, ನೂರರಲ್ಲಿ ಒಬ್ಬರು ಅಲ್ಲಿ 2 ಅಂತ ಗುರುತು ಹಾಕಿದಾಗ ಅದನ್ನು ಓದಲು ಹಾಳೆಯಲ್ಲಿ ಜಾಗವೇ ಇರುವುದಿಲ್ಲ.